ದಂಡೆಯ ಒಲೆ

ಕೋಳಿಗಳಿಗೆ ಕಾಳು ಹಾಕಿ, ಗಂಜಿ ತಿರುವುವ ಕೋಲನ್ನು ಕಂಕುಳಲ್ಲಿ ಇರುಕಿಕೊಂಡು ಥೋರಾ ದಿನಾ ಬೆಳಿಗ್ಗೆ ಕಡಲ ದಂಡೆಗೆ ಇಳಿಯುತ್ತಾಳೆ. ಮಳೆ ಬರಲಿ, ಆಲಿಕಲ್ಲು ಬೀಳಲಿ, ಅದು ತಪ್ಪದು. ದಂಡೆಯ ಮಣ್ಣು ಕುಸಿದ ಕಡೆ ಹಳೆಯ ಗೋಡೆಯೊಂದು ಇಣುಕಿದೆ. ಅದಕ್ಕೆ ಕೋಲು ಒರಗಿಸಿ, ಫೋನಿನಲ್ಲಿ ಚಿತ್ರ ತೆಗೆದು, ಕಡಲು ಕೊರೆಯುವ ಹಳೆಯ ನೆಲೆಗಳ ಲೆಕ್ಕ ಇಡುವ ಆ್ಯಪ್‌ಗೆ ಕಳಿಸಿ, ಮನೆಗೆ ಬಂದು ಕೋಲು ತೊಳೆದು ಗಂಜಿಗೆ ಇಡುತ್ತಾಳೆ. ಚಿತ್ರದಲ್ಲಿ ಅಳತೆಗೆ ಏನಾದರೂ ಇರಲಿ ಎಂದು ಆ್ಯಪ್ ಕೇಳಿದ ದಿನ ಅವಳ ಕೈಗೆ ಸಿಕ್ಕಿದ್ದು ಅದೇ.

ಸ್ಕಾಟ್ಲೆಂಡಿನ ಬಡಗಣ ಕಡಲಿನ ಸ್ಯಾಂಡೆ ದ್ವೀಪದಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಶಾಲೆಯ ಅಡುಗೆಮನೆಯಲ್ಲಿ ದುಡಿದು ಮುಗಿಸಿದವಳು ಅವಳು. ಚಿಕ್ಕಂದಿನಲ್ಲಿ, ಈಗ ಗೋಡೆ ಇಣುಕಿರುವ ದಿಬ್ಬದ ಮೇಲೆ ಕೂತು ಬಾರ್ಲಿ ರೊಟ್ಟಿ ತಿನ್ನುತ್ತ ಕುರಿ ಕಾದಿದ್ದಳು. ಯೇಸುವಿಗಿಂತ ಹಿಂದಿನವರು ಬೆಂಕಿ ಹೊತ್ತಿಸಿದ ಒಲೆ ತನ್ನ ಕೆಳಗಿದೆ ಎಂದು ಅವಳಿಗೇನು ಗೊತ್ತು? ಹೋದ ವರ್ಷ ದಂಡೆ ಕುಸಿದು ಕೆಂಪು ಬೂದಿ, ಚಿಪ್ಪಿನ ರಾಶಿ ಕಂಡಾಗ ಮೊದಲ ಚಿತ್ರ ಕಳಿಸಿದವಳು ಅವಳೇ. ಅಂಥ ನೆಲೆಗಳನ್ನು ಅಗೆದು ನೋಡುವ ತಂಡದ ಐಲಿ ಎಂಬ ಹುಡುಗಿ ಫೋನ್ ಮಾಡಿದ್ದಳು.

"ಜೂನ್‌ನಲ್ಲಿ ಬರ್ತೀವಿ ಥೋರಾ. ಅಲ್ಲೀವರೆಗೆ ಅದು ನಿಂತಿದ್ರೆ ಸಾಕು. ನೀವು ಏನೂ ಮುಟ್ಟಬೇಡಿ."

ಅಂದಿನಿಂದ ಭಾನುವಾರದ ಪ್ರಾರ್ಥನೆಯಲ್ಲಿ ಥೋರಾ ಬೇಡುತ್ತಿದ್ದುದು ಇಷ್ಟೇ: ಜೂನ್‌ವರೆಗೆ, ಸ್ವಾಮಿ.

ಪಕ್ಕದ ಹೊಲದ ಸಿಗರ್ಡ್ ಅವಳ ಜೊತೆ ಶಾಲೆಗೆ ಹೋದವನು. ಬೇಲಿಯ ಆಚೆಯಿಂದ ಛೇಡಿಸುತ್ತಿದ್ದ.

"ದಿನಾ ಫೋಟೋ ಹಿಡಿದ್ರೆ ಸಮುದ್ರ ನಾಚ್ಕೊಂಡು ಹಿಂದಕ್ಕೆ ಹೋಗುತ್ತೇನೇ?"

"ನಿನ್ನ ಮುಖ ತೋರಿಸಿದ್ರೆ ಹೋದೀತು. ಹೋಗಿ ನಿಂತ್ಕೊ."

ಆದರೆ ಚಳಿಗಾಲದಲ್ಲಿ ಇನ್ನೊಂದು ತುಂಡು ದಂಡೆ ಜಾರಿದಾಗ ಅವನೂ ನಗಲಿಲ್ಲ. "ಹೊಲದಂಚು ಕೊಚ್ಚಿ ಹೋಗ್ತಿದ್ರೆ ನಮ್ಮಪ್ಪ ಕಲ್ಲು ಸುರೀತಿದ್ದ. ನಿಮ್ಮಪ್ಪಾನೂ ಅಷ್ಟೇ. ಟ್ರ್ಯಾಕ್ಟರಲ್ಲಿ ತಂದು ಹಾಕ್ತೀನಿ ಬಿಡು."

"ಮುಟ್ಟಬೇಡಿ ಅಂದಿದ್ದಾರೆ."

"ಗೋಡೆ ಯಾರು ಮುಟ್ತಾರೆ? ಅದರ ಮುಂದೆ ಹಾಕೋದು."

ದ್ವೀಪದಲ್ಲಿ ಹುಟ್ಟಿದವರಿಗೆ ಇದರಲ್ಲಿ ತಪ್ಪೇನೂ ಕಾಣದು. ಥೋರಾ ಹೂಂ ಅಂದಳು. ಗೋಡೆಯ ಮುಂದೆ ಕಲ್ಲಿನ ರಾಶಿ ಬಿದ್ದ ದಿನ ಅವಳಿಗೆ ನೆಮ್ಮದಿಯ ನಿದ್ದೆ ಬಂತು.

ಫೆಬ್ರವರಿಯ ಬಿರುಗಾಳಿ ಮನೆಯ ಬಾಗಿಲು ತೆರೆಯಲು ಬಿಡಲಿಲ್ಲ. ಅಡುಗೆಮನೆಯಲ್ಲಿ ಕೂತಿದ್ದ ಥೋರಾಳಿಗೆ ದಡ್, ದಡ್ ಎಂಬ ಸದ್ದು ಕೇಳಿಸಿತು. ಕಡಲಿನ ಎಲ್ಲ ದನಿಯೂ ಅವಳಿಗೆ ಗೊತ್ತು. ಇದು ಕಡಲಿನದಲ್ಲ, ಕಲ್ಲಿಗೆ ಕಲ್ಲು ಬಡಿಯುವುದು. ಪ್ರಾರ್ಥನೆಗೆ ಮೊಣಕಾಲೂರಿದಳು.

ಗಾಳಿ ನಿಂತ ಬೆಳಿಗ್ಗೆ ಕೋಲು ಹಿಡಿದು ಇಳಿದಳು. ಸಿಗರ್ಡ್ ಹಾಕಿದ ಒಂದೊಂದು ಕಲ್ಲನ್ನೂ ಅಲೆ ಎತ್ತಿ ಗೋಡೆಗೇ ಎಸೆದಿತ್ತು. ಗೋಡೆ ಇರಲಿಲ್ಲ. ಒಲೆಯ ಚಪ್ಪಡಿಯೊಂದೇ ಅರ್ಧ ಮಣ್ಣಲ್ಲಿ, ಅರ್ಧ ಗಾಳಿಯಲ್ಲಿ ಉಳಿದಿತ್ತು. ಕೋಲು ಒರಗಿಸಲು ಜಾಗ ಸಿಗದೆ ಅವಳು ಅದನ್ನು ನೆಲಕ್ಕೆ ಇಟ್ಟು ಚಿತ್ರ ತೆಗೆದಳು. ಹಿಂದಿನ ಸಲಕ್ಕಿಂತ ಏನಾದರೂ ಬದಲಾಗಿದೆಯೇ ಎಂದು ಆ್ಯಪ್ ಎಂದಿನಂತೆ ಕೇಳಿತು. ಹೌದು ಎಂಬುದನ್ನು ಒತ್ತಿದಳು.

ಐಲಿಗೆ ಫೋನ್ ಮಾಡಿ ಕಲ್ಲಿನ ವಿಷಯ ಮುಚ್ಚಿಡದೆ ಹೇಳಿದಳು. ಐಲಿ ಅಂದಳು: "ದೋಣಿಗಳೆಲ್ಲ ನಿಂತಿವೆ ಥೋರಾ, ಈ ವಾರ ಬರೋಕಾಗಲ್ಲ. ಚಿತ್ರ ತೆಗೀತಾ ಇರಿ. ಈಗ ಆಗೋದು ಅಷ್ಟೇ."

ಮಧ್ಯಾಹ್ನ ಸಿಗರ್ಡ್ ಟ್ರ್ಯಾಕ್ಟರ್ ತಂದ. ಅವಳ ಮುಖ ನೋಡದೆ ಸರಪಳಿ ಬಿಚ್ಚತೊಡಗಿದ.

"ಸಂಜೆ ಉಬ್ಬರ ಜೋರಿದೆ. ಒಲೆಯಾದ್ರೂ ಎತ್ತಿ ನಿನ್ನ ಕೊಟ್ಟಿಗೇಲಿ ಇಟ್ಟುಕೊಡ್ತೀನಿ."

ಥೋರಾ ಬಗ್ಗಿ ನೋಡಿದಳು. ಚಪ್ಪಡಿಯ ಅಡಿಯಲ್ಲಿ ಬೂದಿ, ಸುಟ್ಟ ಚಿಪ್ಪಿನ ಚೂರು, ಆ ಹಳೆಯ ಕಾಲದವರು ಬಿಟ್ಟು ಎದ್ದುಹೋದಂತೆಯೇ ಕೂತಿದ್ದವು.

"ಎಳೆದ್ರೆ ಇದೆಲ್ಲ ಹೋಗುತ್ತೆ ಸಿಗರ್ಡ್."

"ಎಳೀದಿದ್ರೂ ಹೋಗುತ್ತೆ."

"ಹೌದು." ಅವಳು ಕೋಲನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡಳು. "ಆದ್ರೂ ಬೇಡ ಕಣೋ. ನೀನು ಗಾಡಿ ತಗೊಂಡು ಹೋಗು. ಉಬ್ಬರ ಬರೋವರೆಗೆ, ಇದ್ದ ಹಾಗೇ ಚಿತ್ರ ತೆಗೀತಾ ನಾನಿಲ್ಲೇ ಇರ್ತೀನಿ."