ಸೌಟಣ್ಣನ ಕರವಸ್ತ್ರ

ಅವನ ಹೆಸರು ಮೈದಾನದಲ್ಲಿ ಯಾರಿಗೂ ಬೇಕಿರಲಿಲ್ಲ. ಎಲ್ಲರ ಬಾಯಲ್ಲೂ ಸೌಟಣ್ಣ. ಉದ್ದ ಹಿಡಿಯ, ತುದಿಯಲ್ಲಿ ಬಟ್ಟಲಿರುವ ಪ್ಲಾಸ್ಟಿಕ್ ಸಾಧನಕ್ಕೆ ಚೆಂಡು ಸಿಕ್ಕಿಸಿ, ಬ್ಯಾಟು ಹಿಡಿದವರ ಅಭ್ಯಾಸಕ್ಕಾಗಿ ಬೀಸಿ ಎಸೆಯುವುದು ಅವನ ಕೆಲಸ. ನೋಡಲು ಥೇಟ್ ಸೌಟು. ಆದರೆ ಅದರಿಂದ ಹೊರಟ ಚೆಂಡು ದೊಡ್ಡ ದೊಡ್ಡ ಬೌಲರುಗಳ ಚೆಂಡಿನಷ್ಟೇ ರಭಸವಾಗಿ ಬರುತ್ತಿತ್ತು. "ಮನೇಲಿ ಒಂದು ದಿನ ಸೌಟು ಮುಟ್ಟಿದವರಲ್ಲ, ಹೊರಗೆ ಮಾತ್ರ ಸೌಟಣ್ಣ," ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಅವನ ಕೆಳತುಟಿಯ ಮೇಲಿನ ಮಾಯದ ಗಾಯವನ್ನೂ ಅವಳು ಬಿಟ್ಟವಳಲ್ಲ. "ಅದೇನು ಯಾವಾಗ್ಲೂ ತುಟಿ ಕಚ್ಕೊಂಡಿರ್ತೀರೋ, ನನ್ನ ಅಡುಗೆ ಸಾಲಲ್ವಾ?"

ಮಗಳಿಗೆ ಬ್ಯಾಟು ಹಿಡಿಯಲು ಕಲಿಸಿದವನೂ ಅವನೇ. ಬೆಳಗಾದರೆ ಮನೆಯ ಹಿಂದಿನ ಓಣಿಯಲ್ಲಿ ಅವಳಿಗೆ ಚೆಂಡು ಎಸೆದೇ ಕೆಲಸಕ್ಕೆ ಹೊರಡುತ್ತಿದ್ದ. ಆ ಮಗಳು ಈಗ ರಾಷ್ಟ್ರೀಯ ತಂಡದ ಆಯ್ಕೆಯ ಕೊನೆಯ ಸುತ್ತಿಗೆ ಬಂದಿದ್ದಳು. ಓಣಿಯವರೆಲ್ಲ ಹಿಗ್ಗಿ ಹೀರೇಕಾಯಿಯಾಗಿದ್ದರೆ ಸೌಟಣ್ಣನಿಗೆ ಮಾತ್ರ ಹೆದರಿಕೆ.

ಹೆದರಿಕೆಗೆ ಕಾರಣವಿತ್ತು. ಹಿಂದೊಮ್ಮೆ ಪಕ್ಕದ ಅಭ್ಯಾಸದ ನೆಟ್ಟಿನಲ್ಲಿ ಶಾರ್ಟ್ ಚೆಂಡೊಂದು, ಅಂದರೆ ಮುಂಚೆಯೇ ನೆಲಕ್ಕೆ ಬಡಿದು ಮುಖದತ್ತ ಏಳುವ ಚೆಂಡು, ಒಬ್ಬ ಆಟಗಾರ್ತಿಯ ಕಿವಿಯ ಕೆಳಗೆ, ಹೆಲ್ಮೆಟ್ ಮುಗಿಯುವಲ್ಲಿ ಬಡಿದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಜೀವವೇನೋ ಉಳಿಯಿತು, ಅವಳ ಮಾತು ಮಾತ್ರ ಮೊದಲಿನಂತೆ ಆಗಲೇ ಇಲ್ಲ. ತಂಡ ಈ ಸಲ ಹೋಗಬೇಕಿದ್ದ ದೇಶದಲ್ಲಿ ಅಂಥ ಚೆಂಡುಗಳದ್ದೇ ಕಾರುಬಾರು.

ಆಯ್ಕೆಯ ದಿನ ಸೌಟಣ್ಣನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಆಯ್ಕೆಗಾರರು ಕೂತರು. ಅವರಲ್ಲಿ ಹಿರಿಯರು ರಾಷ್ಟ್ರೀಯ ತಂಡದ ಒಂದು ಕಾಲದ ನಾಯಕಿ. ಎಲ್ಲರೂ ಮೇಡಂ ಎನ್ನುತ್ತಿದ್ದರು. "ಇವಳು ನನ್ನ ಮಗಳು. ಬೇರೆ ಯಾರಾದ್ರೂ ಎಸೆಯೋದು ಒಳ್ಳೇದು," ಎಂದು ಅವನು ಮೊದಲೇ ಕೇಳಿಕೊಂಡಿದ್ದ. ಮೇಡಂ ಒಪ್ಪಲಿಲ್ಲ. "ಎಲ್ಲರಿಗೂ ನೀವೇ ಎಸೀತಿದ್ದೀರಿ. ಅವಳಿಗೂ ಹಾಗೇ ಎಸೀರಿ. ಶಾರ್ಟ್ ಜಾಸ್ತಿ ಇರ್ಲಿ."

ಉಳಿದವರೆಲ್ಲ ತಡವರಿಸಿದ ಚೆಂಡುಗಳನ್ನು ಮಗಳು ಲೀಲಾಜಾಲವಾಗಿ ಆಡಿದಳು. ಬಗ್ಗಬೇಕಾದಲ್ಲಿ ಬಗ್ಗಿದಳು, ಹೊಡೆಯಬೇಕಾದದ್ದನ್ನು ಹೊಡೆದಳು. ಹಿಂದಿನಿಂದ ಮೇಡಂ ಪಕ್ಕದವರಿಗೆ ಹೇಳುವುದು ಕೇಳಿಸಿತು. "ನೋಡಿ, ಚೆಂಡು ಕೈ ಬಿಡೋಕೆ ಮೊದಲೇ ಹಿಂದಕ್ಕೆ ಸರೀತಾಳೆ. ಎಂಥಾ ಕಣ್ಣು."

ಸೌಟಣ್ಣ ಚೆಂಡನ್ನೊಮ್ಮೆ ನೋಡಿಕೊಂಡ. ಕೈಯಲ್ಲೇ ಇರುವ ಚೆಂಡಿನಲ್ಲಿ ಅವಳಿಗೆ ಕಂಡದ್ದಾದರೂ ಏನು? ಮುಂದಿನ ಶಾರ್ಟ್ ಚೆಂಡಿಗೆ ಕೈ ಎತ್ತಿದಾಗ ನಾಲಿಗೆಗೆ ರಕ್ತದ ರುಚಿ ಹತ್ತಿತು. ತುಟಿ ಹಲ್ಲಿನಡಿ ಸಿಕ್ಕಿತ್ತು. ಅಂಥ ಚೆಂಡು ಎಸೆಯುವಾಗಲೆಲ್ಲ ಭಯಕ್ಕೆ ತಾನು ತುಟಿ ಕಚ್ಚುತ್ತೇನೆಂಬುದು ಅವನಿಗೆ ಆಗ ಹೊಳೆಯಿತು. ಇಷ್ಟು ವರ್ಷ ಎದುರಿಗೇ ನಿಂತ ಮಗಳು ಚೆಂಡನ್ನು ಓದಲು ಕಲಿತೇ ಇರಲಿಲ್ಲ. ಅವಳು ಓದುತ್ತಿದ್ದದ್ದು ಅಪ್ಪನ ತುಟಿಯನ್ನು. ಆ ದೂರದೇಶದ ಬೌಲರುಗಳು ಇವಳಿಗಾಗಿ ತುಟಿ ಕಚ್ಚುತ್ತಾರೆಯೇ?

ಸುಮ್ಮನಿದ್ದರೆ ಸಂಜೆಗೆ ಮಗಳು ತಂಡದಲ್ಲಿರುತ್ತಾಳೆ. ಎಸೆದು ನೋಡಿದ, ಕಚ್ಚಬಾರದೆಂದುಕೊಂಡರೂ ಹಲ್ಲು ತಾನಾಗಿ ಇಳಿಯಿತು. ಕೊನೆಗೆ ಜೇಬಿನಿಂದ ಕರವಸ್ತ್ರ ತೆಗೆದು ಮೂಗು ಬಾಯಿ ಮುಚ್ಚುವಂತೆ ಬಿಗಿದ.

"ಏನಾಯ್ತು?" ಎಂದರು ಮೇಡಂ.

"ಧೂಳು," ಎಂದ.

ಆಚೆ ತುದಿಯಲ್ಲಿ ಮಗಳು ಅವನನ್ನೇ ನೋಡಿದಳು. ಬ್ಯಾಟು ಒಮ್ಮೆ ಕೆಳಗಿಳಿಸಿ, ಮತ್ತೆ ಎತ್ತಿ ನಿಂತಳು. ಅವನು ಎಸೆದ. ಅವಳು ಕದಲಲಿಲ್ಲ. ಚೆಂಡು ಹೆಲ್ಮೆಟ್ಟಿನ ಕಂಬಿಗೆ ಠಣ್ಣೆಂದು ಬಡಿಯಿತು. ಸೌಟಣ್ಣ ಅವಳತ್ತ ಓಡಲು ಹೆಜ್ಜೆ ಎತ್ತುವಷ್ಟರಲ್ಲಿ ಅವಳೇ ಕೈ ತೋರಿಸಿ ತಡೆದಳು. "ಇನ್ನೊಂದು."

ಇನ್ನೊಂದು ಹೆಗಲಿಗೆ ಬಿತ್ತು. ಮತ್ತೊಂದು ಗ್ಲೌಸಿಗೆ ತಾಗಿ ಹಾರಿತು. ಹೆಂಡತಿ ನೋಡಿದ್ದರೆ ಅವನನ್ನು ಅಲ್ಲೇ ಸಿಗಿದುಹಾಕುತ್ತಿದ್ದಳು. ಕಣ್ಣು ಮಂಜಾದರೂ ಅವನು ಎಸೆದ. ಕೊನೆಯದನ್ನು ಮಾತ್ರ ಮಗಳು ಕೂದಲೆಳೆಯಲ್ಲಿ ಬಗ್ಗಿ ತಪ್ಪಿಸಿಕೊಂಡಳು.

ಸಂಜೆ ಮೇಡಂ ಅಪ್ಪ ಮಗಳಿಬ್ಬರನ್ನೂ ಕರೆದು ನೇರವಾಗಿಯೇ ಹೇಳಿದರು. "ಧೈರ್ಯ ಇದೆ. ಆದ್ರೆ ಚೆಂಡು ಕಾಣ್ತಿಲ್ಲ. ಈ ಸಲ ಕಳಿಸೋಕಾಗಲ್ಲ."

ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಮಗಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ತುತ್ತನ್ನು ಬಾಯಿಂದ ಕಿತ್ತುಕೊಂಡ ಅಪ್ಪನನ್ನು ಯಾವ ಮಗಳು ಕ್ಷಮಿಸುತ್ತಾಳೆ?

"ತುಟಿ ವಿಷಯ ನಿನಗೆ ಯಾವಾಗ ಗೊತ್ತಾಯ್ತಪ್ಪ?"

"ಇವತ್ತೇ." ಆಮೇಲೆ ಅವಳತ್ತ ತಿರುಗಿದ. "ನಿನಗೆ?"

"ಹೋದ ವರ್ಷ." ಅವಳು ಕಿಟಕಿಯ ಕಡೆಗೇ ನೋಡುತ್ತಿದ್ದಳು. "ಮ್ಯಾಚಲ್ಲಿ ಯಾರೂ ಅಷ್ಟು ಜೋರಾಗಿ ಹಾಕ್ತಿರ್ಲಿಲ್ಲ, ಹೇಗೋ ನಡೀತು. ಅಲ್ಲಿಗೆ ಹೋದ್ರೆ ಸತ್ತೇ ಹೋಗ್ತೀನಿ ಅನ್ನಿಸ್ತಿತ್ತು."

"ಹೇಳಬಾರದಿತ್ತೇನೇ?"

"ಹೇಳಿದ್ರೆ ನೀನು ಎಸೆಯೋದನ್ನೇ ಬಿಟ್ಬಿಡ್ತಿದ್ದೆ."

ಅದು ನಿಜ. ಈಗಲೂ ಬಿಡಬೇಕೆಂದೇ ಅವನಿಗೆ ಅನ್ನಿಸುತ್ತಿತ್ತು. ಮಗಳು ಅವನ ಜೇಬಿನಿಂದ ಕರವಸ್ತ್ರ ಎಳೆದಳು. ತುಟಿಯ ರಕ್ತ ಅದರ ನಡುವೆ ಕರೆಗಟ್ಟಿತ್ತು. ಕಲೆ ಒಳಗಾಗುವಂತೆ ಮಡಿಸಿ, ವಾಪಸ್ಸು ಅವನ ಅಂಗೈಯಲ್ಲಿಟ್ಟಳು.

"ಬೆಳಿಗ್ಗೆ ಓಣೀಲೂ ಕಟ್ಕೋ."

ಸೌಟಣ್ಣ ಹೂಂ ಎಂದ. ಮನೆ ಮುಟ್ಟುವವರೆಗೂ ಕರವಸ್ತ್ರವನ್ನು ಜೇಬಿಗೆ ಹಾಕಲಿಲ್ಲ.