ಕೆಳಗೆ ಬಿದ್ದ ಗೈರೊ

ಗಡಿಯಾಚೆ ತಮಿಳುನಾಡಿನ ಹೊಸೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ನಾವು ವಿಮಾನಗಳಿಗೆ ಗೈರೊ ಜೋಡಿಸುತ್ತಿದ್ದೆವು. ವಿಮಾನ ಎತ್ತ ವಾಲಿದೆ, ಎಷ್ಟು ತಿರುಗಿದೆ ಎಂದು ತಿಳಿಸುವ, ಅಂಗೈಯಲ್ಲಿ ಹಿಡಿಸುವಂಥ ಡಬ್ಬಿ ಅದು. ನನಗೆ ಕೆಲಸ ಕಲಿಸಿದವರು ಉದ್ದನಪಲ್ಲಿಯಿಂದ ದಿನವೂ ಬೈಕಿನಲ್ಲಿ ಬರುತ್ತಿದ್ದ ಹಿರಿಯ ಟೆಕ್ನಿಷಿಯನ್. ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ.

"ಮೋಡದೊಳಕ್ಕೆ ಹೋದ್ರೆ ಪೈಲಟ್‌ಗೆ ಏನೂ ತಿಳಿಯಾಕಿಲ್ಲ ಕಣಮ್ಮ," ಎಂದಿದ್ದರು ಮೊದಲ ವಾರ. "ವಾಲ್ಕೊಂಡಿದ್ರೂ ನೆಟ್ಟಗೆ ಹೋಯ್ತಾ ಇದೀನಿ ಅನ್ನಿಸ್ತದೆ. ಆಗ ಇದು ಹೇಳಿದ್ದನ್ನೇ ನಂಬಬೇಕು."

ಜೋಡಿಸಿದ್ದನ್ನು ತಿರುಗುವ ಮೇಜಿನ ಮೇಲಿಟ್ಟು ಪರೀಕ್ಷಿಸುತ್ತಿದ್ದೆವು. ಮೇಜು ನಿಂತಾಗ ಗೈರೊ ಸೊನ್ನೆ ತೋರಿಸಬೇಕು. ಕೆಟ್ಟ ಗೈರೊ, ನಿಂತಿದ್ದರೂ ತಿರುಗುತ್ತಿದ್ದೇನೆ ಎನ್ನುತ್ತದೆ. ಆ ಚೂರು ತಪ್ಪು ಹಾರಾಟದುದ್ದಕ್ಕೂ ಬೆಳೆಯುತ್ತ ಹೋಗುತ್ತದೆ.

ಒಂದು ಬೆಳಿಗ್ಗೆ, ಪಾಸಾದ ಗೈರೊವನ್ನು ಟ್ರೇಗೆ ಒಯ್ಯುತ್ತಿದ್ದ ಅಣ್ಣ ತಟ್ಟನೆ ಮೇಜಿನ ಅಂಚು ಹಿಡಿದರು. ಡಬ್ಬಿ ನೆಲಕ್ಕೆ ಬಿತ್ತು. ಮೇಲೆ ಒಂದು ಗೀರೂ ಇರಲಿಲ್ಲ. ಕೋಣೆಯಲ್ಲಿದ್ದವರು ನಾವಿಬ್ಬರೇ.

"ಯಾರ್ಗೂ ಹೇಳ್ಬ್ಯಾಡ. ಹೋದ ತಿಂಗಳೂ ಒಂದು ಬೀಳಿಸ್ಬುಟ್ಟಿದ್ದೆ. ಇನ್ನೊಂದು ಅಂದ್ರೆ ಇಲ್ಲಿಂದ ಎತ್ತಾಕ್ತಾರೆ."

"ಇನ್ನೊಂದ್ಸಲ ಟೆಸ್ಟ್ ಮಾಡಾನ ಅಣ್ಣ."

"ಮಾಡಿದ್ರೆ ಕಂಪ್ಯೂಟರ್‌ನಾಗೆ ಬತ್ತದೆ, ಯಾಕೆ ಅಂತ ಕೇಳ್ತಾರೆ," ಎಂದು ಅದನ್ನು ಒರೆಸಿ ಟ್ರೇಯಲ್ಲಿಟ್ಟರು.

ಮಧ್ಯಾಹ್ನ ಊಟ ಸೇರಲಿಲ್ಲ. ಬುತ್ತಿ ಮುಚ್ಚಿಟ್ಟು ಹೋಗಿ ಸೂಪರ್‌ವೈಸರ್‌ಗೆ ಹೇಳಿಬಿಟ್ಟೆ.

ಆ ಗೈರೊವನ್ನು ಮತ್ತೆ ಮೇಜಿಗೇರಿಸಿದರು. ಮೇಜು ನಿಂತೇ ಇತ್ತು, ಪರದೆಯ ಮೇಲಿನ ಅಂಕಿ ಮಾತ್ರ ಮೆಲ್ಲಗೆ ಏರುತ್ತಿತ್ತು. ಸೂಪರ್‌ವೈಸರ್ ತಮಿಳಿನಲ್ಲಿ, ಬಿದ್ದದ್ದನ್ನು ಯಾಕೆ ಹೇಳಲಿಲ್ಲ ಎಂದು ಅಣ್ಣನ ಮೇಲೆ ರೇಗಿದರು. ಅಣ್ಣ ಕನ್ನಡದಲ್ಲೇ ಉತ್ತರಿಸಿದರು: "ತಲೆ ತಿರುಗ್ತದೆ ಸಾರ್. ಆರು ತಿಂಗಳಾಯ್ತು. ಒಳಗಿವಿ ಕೆಟ್ಟದೆ, ಅದ್ಕೇ ಆಯ ತಪ್ತದೆ ಅಂದ್ರು ಡಾಕ್ಟ್ರು."

ಆರು ತಿಂಗಳು ಆ ತಲೆಸುತ್ತಿನಲ್ಲೇ ಬೈಕ್ ಓಡಿಸಿಕೊಂಡು ಬಂದಿದ್ದರು. ಪಕ್ಕದಲ್ಲೇ ಕೂರುತ್ತಿದ್ದ ನನಗೆ ತಿಳಿದಿರಲಿಲ್ಲ.

ಅವರನ್ನು ಬಿಡಿಭಾಗ ಇಡುವ ಸ್ಟೋರ್‌ಗೆ ಹಾಕಿದರು. ಅಲ್ಲಿ ಎರಡು ತಿಂಗಳಿದ್ದು ಕೆಲಸ ಬಿಟ್ಟರು. ಕೊನೆಯ ದಿನ ಬಸ್ ನಿಲ್ದಾಣದವರೆಗೂ ಜೊತೆಯಲ್ಲಿ ನಡೆದೆ.

"ತಪ್ಪು ತಿಳ್ಕಬ್ಯಾಡಿ ಅಣ್ಣ."

"ನೀನು ಮಾಡಿದ್ದು ಸರಿ. ನಾನೇ ಆಗಿದ್ರೂ ಹೇಳ್ತಿದ್ದೆ." ಬಸ್ ಬರುವ ದಾರಿ ನೋಡುತ್ತ ಅಂದರು, "ಆದ್ರೆ ನನ್ಗೆ ಒಂದ್ಮಾತು ಹೇಳ್ಬುಟ್ಟು ಹೋಗ್ಬೇಕಿತ್ತು ಕಣಮ್ಮ."

ಉದ್ದನಪಲ್ಲಿ ಮೇಲೆ ಹೋಗುವ ರಾಯಕೋಟೆ ಬಸ್ ಬಂತು. ಎರಡೂ ಕೈಯಲ್ಲಿ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿದರು. ಮೊಣಕೈ ಹಿಡಿದು ಹತ್ತಿಸಬಹುದಿತ್ತು. ನನಗೆ ಕೈ ಚಾಚಲು ಧೈರ್ಯ ಬರಲಿಲ್ಲ.