ಸಸಿಮಾವನ ಚೆಂದದ ಈರುಳ್ಳಿ

ನನ್ನ ಸೋದರಮಾವನನ್ನು ಬೀದಿಯವರೆಲ್ಲ ಸಸಿಮಾವ ಎಂದೇ ಕರೆಯುತ್ತಿದ್ದರು. ರಕ್ತಸಂಬಂಧದಲ್ಲಿ ಅವರು ನನಗೊಬ್ಬನಿಗೇ ಮಾವ. ಈರುಳ್ಳಿ ಸಸಿ ಬೇಕಾದಾಗ ಮಾತ್ರ ಎಲ್ಲರಿಗೂ ಮಾವ. ತರಕಾರಿ ತೋಟ ಇದ್ದವರು, ಹಿತ್ತಲಲ್ಲಿ ನಾಲ್ಕು ಸಾಲು ಹಾಕುವವರು, ತಾರಸಿಯ ಮೇಲೆ ಆರು ಕುಂಡ ಇಟ್ಟುಕೊಂಡು ತಮ್ಮನ್ನು ಕೃಷಿಕರೆಂದು ಪರಿಚಯಿಸಿಕೊಳ್ಳುವ ನನ್ನಂಥವರು, ಎಲ್ಲರೂ ಅವರ ಮನೆಯ ಹಿಂದಿನ ಗೇಟಿಗೇ ಬರಬೇಕಿತ್ತು.

ಈರುಳ್ಳಿ ಬೀಜ ಇದ್ದಿಲು ಪುಡಿ ಮಾಡಿದ ಹಾಗೆ ಕಪ್ಪಗೆ, ಮೂಲೆಮೂಲೆಯಾಗಿ ಇರುತ್ತದೆ. ಮಾವ ಅದನ್ನು ಒಣ ಮರಳಿಗೆ ಬೆರೆಸಿ, ಮಡಿಯಲ್ಲಿ ಬೆರಳಿನಿಂದ ಗೆರೆ ಎಳೆದು, ಮಗುವಿನ ನೆತ್ತಿಗೆ ಎಣ್ಣೆ ಹಾಕುವಷ್ಟು ಹಗುರವಾಗಿ ಉದುರಿಸುತ್ತಿದ್ದರು. ಮೇಲೆ ಜರಡಿ ಹಿಡಿದ ಗೊಬ್ಬರ, ಅದರ ಮೇಲೆ ಒದ್ದೆ ಗೋಣಿಚೀಲ. ಮೊಳಕೆ ನೆಟ್ಟಗೆ ಬರುವುದಿಲ್ಲ. ನಡು ಮುರಿದುಕೊಂಡ ಮುದುಕನಂತೆ ಮೊದಲು ಬೆನ್ನನ್ನೇ ಹೊರಗೆ ಹಾಕುತ್ತದೆ. ಆ ಬೆನ್ನು ಕಂಡ ಕೂಡಲೇ ಗೋಣಿ ತೆಗೆಯಬೇಕು. ನಾಳೆ ನೋಡೋಣ ಎಂದರೆ ಸಸಿ ಗೋಣಿಯ ನೇಯ್ಗೆಗೆ ಸಿಕ್ಕಿಕೊಂಡು ಅದರ ಜೊತೆಯಲ್ಲೇ ಎದ್ದು ಬರುತ್ತದೆ. ಎಲೆ ಉದ್ದವಾಗಿ ಒಂದರ ಮೇಲೊಂದು ಒರಗಿದರೆ ಕತ್ತರಿಯಿಂದ ಕ್ಷೌರ. ಕೀಳುವ ಮೊದಲು ಕೆಲವು ದಿನ ನೀರು ಕಡಿಮೆ ಮಾಡಿ ಸಸಿಗೆ ಸ್ವಲ್ಪ ಕಷ್ಟ ಕಲಿಸುವುದು. ಕೀಳುವಾಗ ಜುಟ್ಟು ಹಿಡಿದು ಎಳೆಯದೆ ಕೆಳಗಿನಿಂದ ಮಣ್ಣನ್ನೇ ಎಬ್ಬಿಸುವುದು.

ಇಷ್ಟು ಜೋಪಾನ ಮಾಡಿ ಕೊಟ್ಟ ಸಸಿಯನ್ನು ಕೊಂಡವರು ಏನು ಮಾಡುತ್ತಿದ್ದರು ಎಂಬುದಕ್ಕೆ ಒಂದು ಉದಾಹರಣೆ ಸಾಕು.

"ಮಾವ, ಸಸಿ ಎಲ್ಲಾ ಬದುಕ್ತು. ಗೆಡ್ಡೆ ಮಾತ್ರ ಕಟ್ಟಲೇ ಇಲ್ಲ."

"ಎಷ್ಟು ಆಳಕ್ಕೆ ನೆಟ್ಟೆ?"

"ಗಟ್ಟಿಯಾಗಿ ನಿಲ್ಲಲಿ ಅಂತ ಕುತ್ತಿಗೆವರೆಗೂ..."

"ನಿನ್ನ ಕುತ್ತಿಗೆವರೆಗೂ ಹೂತಿಟ್ಟರೆ ನಿನಗೆ ಈ ಹೊಟ್ಟೆ ಬರ್ತಿತ್ತೇನೋ? ಬೇರು ಮಾತ್ರ ಒಳಗಿರಬೇಕು ಕಣೋ. ಅದು ಮಣ್ಣಿನ ಮೇಲೆ ಆರಾಮಾಗಿ ಕೂತು ದಪ್ಪ ಆಗೋ ಜಾತಿ. ನಿನ್ನ ಹಾಗೇ."

ಆ ಹೊಟ್ಟೆಯೂ ಆ ಬುದ್ಧಿಯೂ ನನ್ನವೇ ಎಂದು ಬೇರೆ ಹೇಳಬೇಕಾಗಿಲ್ಲ.

ಸಸಿ ಮಾವನ ಹೊಟ್ಟೆಪಾಡು. ಬೀಜ ಅವರ ಹೆಮ್ಮೆ. ಅದನ್ನು ಅವರು ಅಂಗಡಿಯಿಂದ ತಂದವರಲ್ಲ. ಬೆಳೆದ ಈರುಳ್ಳಿಯಲ್ಲಿ ಒಳ್ಳೆಯದನ್ನು ಆರಿಸಿ ಇಟ್ಟುಕೊಂಡು, ಮುಂದಿನ ಹಂಗಾಮಿಗೆ ಅದನ್ನೇ ಮತ್ತೆ ನೆಟ್ಟರೆ ದಂಟು ಎದ್ದು ಬಿಳಿ ಚೆಂಡಿನಂಥ ಹೂವಾಗುತ್ತದೆ. ಬೀಜ ಆ ಹೂವಿನದು. ಮಾವ ಮದುವೆಯಾದ ಹೊಸದರಲ್ಲಿ ಅವರ ಈರುಳ್ಳಿ ನೋಡಲು ದರಿದ್ರವಾಗಿತ್ತಂತೆ. ಒಂದು ಚಪ್ಪಟೆ, ಒಂದು ದಪ್ಪ ಕುತ್ತಿಗೆಯದು, ಒಂದು ಸಿಪ್ಪೆಯೊಳಗೆ ಇಬ್ಬರು ಜಗಳವಾಡಿಕೊಂಡು ಕೂತಂಥ ಜೋಡಿಗೆಡ್ಡೆ. ಮಾವ ಹಟ ತೊಟ್ಟರು. ಪ್ರತಿವರ್ಷ ದುಂಡನೆಯದು, ಸಣ್ಣ ಕುತ್ತಿಗೆಯದು, ಮಿರಿಮಿರಿ ಮಿಂಚುವುದು ಬೀಜಕ್ಕೆ. ಉಳಿದ ಅಂಕುಡೊಂಕು ಅಡುಗೆಮನೆಗೆ. ವರ್ಷ ಕಳೆದಂತೆ ಗೆಡ್ಡೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಾದವು. ತರಕಾರಿ ಪ್ರದರ್ಶನದಲ್ಲಿ ಅವಕ್ಕೆ ಬಹುಮಾನದ ಬೆಳ್ಳಿ ಬಣ್ಣದ ಕಪ್ಪು ಬಂತು. ಕಪ್ಪು ನಡುಮನೆಯ ಗೂಡಿನಲ್ಲಿ ಕೂತಿತು. ಮಾವ ಅದರ ಪಕ್ಕದಲ್ಲಿ ಕೂತರು.

ಅತ್ತೆ ಮಾತ್ರ ಅಡುಗೆಮನೆಯಲ್ಲೇ ಇದ್ದರು. ಅವರ ಹತ್ತಿರ ಎರಡು ಬುಟ್ಟಿ. ಒಂದರಲ್ಲಿ ಮಾವ ತಿರಸ್ಕರಿಸಿದ ಅಂಕುಡೊಂಕು. ಇನ್ನೊಂದರಲ್ಲಿ ತುದಿಗಳು. ಬೀಜಕ್ಕೆ ಇಟ್ಟ ಗೆಡ್ಡೆ ಬೇಗ ಚಿಗುರಲಿ ಎಂದು ನೆಡುವ ಮೊದಲು ಅದರ ತಲೆಯನ್ನು ಒಂದಿಷ್ಟು ಕೊಯ್ಯುತ್ತಾರೆ. ಬುಡ ಮಣ್ಣಿಗೆ, ತಲೆ ಬಾಣಲೆಗೆ. ಹೀಗಾಗಿ ಕಪ್ಪು ಗೆದ್ದ ಈರುಳ್ಳಿ, ಬೀಜಕ್ಕೆ ಬೇಡವಾದ ಈರುಳ್ಳಿ, ಎರಡರ ರುಚಿಯೂ ತಿಳಿದಿದ್ದವರು ಜಗತ್ತಿನಲ್ಲಿ ಅತ್ತೆ ಒಬ್ಬರೇ.

ಅವರು ಹೇಳಿದ್ದರು. ಒಂದು ಸಲ ಅಲ್ಲ. ನಾನೂ ಊಟಕ್ಕೆ ಕೂತಿದ್ದಾಗ ಹೇಳಿದ್ದು ನೆನಪಿದೆ.

"ರೀ, ಈ ತುದಿಗಳು ಸಪ್ಪೆ ಕಣ್ರೀ. ಹುರಿದರೆ ನೀರು ಬಿಟ್ಟುಕೊಂಡು ಕೂರ್ತವೆ. ಆ ಜೋಡಿಗೆಡ್ಡೆ ನೋಡಿ, ನಾಲ್ಕು ಚೂರು ಹಾಕಿದರೂ ಮನೆಯೆಲ್ಲಾ ಘಮ್ ಅನ್ನುತ್ತೆ. ಅದರದ್ದೂ ಒಂದಿಷ್ಟು ಬೀಜ ಮಾಡಬಾರದಾ?"

ಮಾವ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. "ಕೇಳಿದೆಯೇನೋ ಅಳಿಯಾ? ನಿಮ್ಮತ್ತೆ ಸೌಟಿನಲ್ಲಿ ಸಸಿ ಬೆಳೀತಾಳಂತೆ."

ನಾನು ನಕ್ಕೆ. ಜನರನ್ನು ನಗಿಸಿಯೇ ಹೊಟ್ಟೆ ಹೊರೆಯುವ ನನ್ನಂಥವನಿಗೆ ಯಾರ ಮಾತಿಗೆ ನಗಬಾರದು ಎಂಬ ವಿವೇಚನೆ ಕಡಿಮೆ. ಅತ್ತೆ ಇನ್ನೊಂದು ಸೌಟು ಬಡಿಸಿ ಒಳಗೆ ಹೋದರು. ಆಮೇಲೆ ಆ ವಿಷಯ ಎತ್ತಿದ್ದನ್ನು ನಾನು ಕೇಳಲಿಲ್ಲ.

ಒಂದು ಚಳಿಗಾಲ ಅತ್ತೆಗೆ ಜ್ವರ ಬಂತು. ಜ್ವರ ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ. ಅದು ಗೊತ್ತಾದದ್ದು ಹಾಲಿನಿಂದ. ಅತ್ತೆ ಒಲೆಯ ಪಕ್ಕದಲ್ಲೇ ಈರುಳ್ಳಿ ಸುಲಿಯುತ್ತ ಕೂತಿದ್ದಾರೆ, ಹಾಲು ಸೀದು ಪಾತ್ರೆಯ ತಳ ಕರಿ ಹಿಡಿದಿದೆ, ನಾಲ್ಕನೇ ಮನೆಯವರು ಓಡಿ ಬಂದು ಕಿಟಕಿಯಲ್ಲಿ ಕೂಗುತ್ತಿದ್ದಾರೆ, ಅತ್ತೆ "ಏನಾಯ್ತು?" ಎಂದು ಅವರನ್ನೇ ಕೇಳುತ್ತಿದ್ದಾರೆ. ವಾಸನೆ ಪೂರ್ತಿ ಹೋಗಿತ್ತು, ಅದರ ಹಿಂದೆಯೇ ರುಚಿಯೂ. ಉಪ್ಪು, ಖಾರ ನಾಲಿಗೆಗೆ ತಾಗುತ್ತಿತ್ತು, ಅಷ್ಟೇ. ತಿಂಗಳುಗಳಿಂದ ಕೈ ಅಂದಾಜಿನಲ್ಲೇ ಅಡುಗೆ ಮಾಡುತ್ತಿದ್ದರು, ಯಾರಿಗೂ ಹೇಳಿರಲಿಲ್ಲ. ಡಾಕ್ಟರು ಮೂಗಿಗೆ ಟಾರ್ಚು ಬಿಟ್ಟು ನೋಡಿ, "ಬಂದರೂ ಬರಬಹುದು" ಎಂದರು. ಬರಲಿಲ್ಲ.

ಅದಾದ ಮೇಲೆ ಬಂದವನು ಬಸ್ ನಿಲ್ದಾಣದ ಎದುರಿನ ಹೋಟೆಲಿನ ಅಡುಗೆಯವನು. ಹೋಟೆಲಿನ ಹಿಂದಿನ ತುಂಡು ಜಾಗದಲ್ಲಿ ಮಾವನ ಸಸಿಯನ್ನೇ ವರ್ಷವರ್ಷ ಹಾಕುತ್ತಿದ್ದವನು. ಈ ಸಲ ಬೇಡ ಎಂದ.

"ಯಾಕಯ್ಯಾ? ಗೆಡ್ಡೆ ಚೆನ್ನಾಗಿ ಬರಲಿಲ್ವಾ?"

"ಗೆಡ್ಡೆಗೇನು, ದೃಷ್ಟಿ ತೆಗೀಬೇಕು, ಹಾಗಿದೆ. ಬೇಜಾರು ಮಾಡ್ಕೋಬೇಡಿ ಮಾವ. ಮೊದಲು ನಿಮ್ಮ ಈರುಳ್ಳಿ ಎಣ್ಣೆಗೆ ಬಿದ್ದರೆ ಬಸ್ಸಿಗೆ ಕಾಯೋರು ಬಸ್ ಬಿಟ್ಟು ಒಳಗೆ ಬರೋರು. ಈಗ ಬಾಣಲೆ ಮುಂದೆ ನಿಂತಿರೋ ನನಗೇ ಗೊತ್ತಾಗಲ್ಲ. ಈರುಳ್ಳಿ ಹಾಕಿದ್ನೋ ಇಲ್ವೋ ಅಂತ ಬಗ್ಗಿ ನೋಡ್ಬೇಕು."

ಮಾವ ಜಗಳಕ್ಕೆ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಕಟ್ಟಿಟ್ಟಿದ್ದ ಸಸಿಗಳನ್ನು ನೆರಳಿಗೆ ಎತ್ತಿಟ್ಟು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. ಅಲ್ಲಿಂದಲೇ ಹಿಂದಕ್ಕೆ ಬಂದರು.

ಮರುದಿನದಿಂದ ಸೈಕಲ್ ಏರಿ ಹಳೆಯ ಗಿರಾಕಿಗಳ ಮನೆಮನೆ ಸುತ್ತಿದರು. ತಾವು ಹಿಂದೆ ಕೊಟ್ಟ ಸಸಿಯಿಂದ ಯಾರಾದರೂ ಬೀಜ ಮಾಡಿಟ್ಟುಕೊಂಡಿದ್ದಾರೆಯೇ ಎಂದು. ಯಾರೂ ಮಾಡಿರಲಿಲ್ಲ. ಮಾಡುವುದು ಹೇಗೆ? "ಬೀಜದ ತಲೆನೋವು ನಿಮಗ್ಯಾಕೆ, ನಾನಿಲ್ವಾ" ಎಂದು ಎಲ್ಲರಿಗೂ ಹೇಳಿದವರು ಇವರೇ. ಯಾರೋ ಒಬ್ಬಾಕೆ ಡಬ್ಬಿಯ ತಳದಿಂದ ಒಂದು ಚಿಟಿಕೆ ಹುಡುಕಿ ಕೊಟ್ಟರು. ಈರುಳ್ಳಿ ಬೀಜ ಒಂದು ವರ್ಷ ಕಳೆದರೆ ನೆಚ್ಚುವ ಹಾಗಿಲ್ಲ. ಇದು ಎಷ್ಟು ಹಳೆಯದೋ. ಆದರೂ ಬಿತ್ತಿದರು. ಗೋಣಿಯಡಿ ಒಂದು ಬೆನ್ನೂ ಏಳಲಿಲ್ಲ. ಮಾವ ಗೋಣಿ ಎತ್ತಿ ಎತ್ತಿ ನೋಡುತ್ತಿದ್ದರು.

ಆ ರುಚಿಯನ್ನು ಹೊತ್ತಿದ್ದ ಜೋಡಿಗೆಡ್ಡೆಗಳನ್ನೆಲ್ಲ ನಾವು ಅಷ್ಟು ವರ್ಷ ಕೂತು ತಿಂದು ಮುಗಿಸಿದ್ದೆವು. ಹೆಚ್ಚು ತಿಂದವನು ನಾನು.

ಉಳಿದದ್ದು ಆ ವರ್ಷದ ಬೆಳೆಯಲ್ಲಿ ಕೈತಪ್ಪಿ ಹುಟ್ಟಿದ ಅರ್ಧ ಬುಟ್ಟಿ ಅಂಕುಡೊಂಕು. ಅವುಗಳಲ್ಲಿ ಹಳೆಯ ರಕ್ತ ಎಲ್ಲಾದರೂ ಇದ್ದೀತು ಎಂದು ಮಾವನ ಆಸೆ. ಒಂದು ಮಧ್ಯಾಹ್ನ ಅವನ್ನು ಹಿತ್ತಲ ಜಗುಲಿಯ ಮೇಲೆ ಸಾಲಾಗಿ ಇಟ್ಟು, ಒಂದೊಂದರ ತಲೆ ಕೊಯ್ದು ರುಚಿ ನೋಡುವ ಏರ್ಪಾಡು ಮಾಡಿದರು. ಬುಡಕ್ಕೆ ನೋವಿಲ್ಲ, ಗೆದ್ದದ್ದನ್ನು ನೆಡಬಹುದು. ಆದರೆ ನೋಡುವವರು ಯಾರು? ಸಿಗರೇಟು ಸೇದಿ ಸೇದಿ ಮಾವನ ನಾಲಿಗೆ ಚಪ್ಪಲಿಯ ಅಟ್ಟೆಯಾಗಿತ್ತು. ನನ್ನನ್ನು ಕೂರಿಸಿದರು. ಮೂರನೆಯ ಚೂರಿಗೇ ಕಣ್ಣು ಮೂಗು ಒಂದಾಗಿ, "ಎಲ್ಲಾ ಈರುಳ್ಳಿ ಹಾಗೇ ಇದೆ ಮಾವ" ಎಂದೆ.

"ಎದ್ದೇಳು" ಎಂದರು. ಒಳಗೆ ನೋಡಿ ಕರೆದರು. "ಲೇ, ಬಾರೇ ಇಲ್ಲಿ."

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಸಾಲನ್ನು ನೋಡಿದರು. ಕೂತರು. ಮಾವ ಕೊಟ್ಟ ಚೂರನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದರು. ಎರಡನೆಯದು. ಮೂರನೆಯದು. ಕಣ್ಣಲ್ಲಿ ನೀರು ಬಂತು. ಈರುಳ್ಳಿಗೆ ಅದೊಂದು ಅನುಕೂಲ, ಯಾವ ನೀರು ಎಂದು ಯಾರೂ ಕೇಳುವುದಿಲ್ಲ.

"ಉರಿಯುತ್ತೆ ರೀ. ಅಷ್ಟೇ."

"ಇನ್ನೊಂದು ಸಲ ನೋಡು."

"ಎಷ್ಟು ಸಲ ನೋಡಿದರೂ ಅಷ್ಟೇ. ಕಾಗದ ಅಗಿದ ಹಾಗೆ."

"ಯಾವುದೋ ಒಂದು ಹೇಳೇ. ನೀನು ಹೇಳಿದ್ದು ಅಂತ ಅದನ್ನೇ ನೆಡ್ತೀನಿ."

"ಸುಳ್ಳು ಹೇಳಿ ನಿಮ್ಮ ಮಡಿ ಕೆಡಿಸಲಾ?" ಅತ್ತೆ ಎದ್ದರು. "ಬೇಕಾದರೆ ಎಲ್ಲಾನೂ ನೆಡಿ."

ಎಲ್ಲಾನೂ ನೆಡುವುದೆಂದರೆ ಸುಮ್ಮನೆ ಅಲ್ಲ. ಪಕ್ಕದಲ್ಲಿ ಚೆಂದದ ಈರುಳ್ಳಿಯೂ ಹೂ ಬಿಟ್ಟರೆ ಜೇನ್ನೊಣ ಎರಡರ ಮೇಲೂ ಕೂರುತ್ತದೆ. ಅದಕ್ಕೆ ಕಪ್ಪು ಗೆದ್ದ ಮನೆತನ, ಗೆಲ್ಲದ ಮನೆತನ ಎಂಬ ಭೇದವಿಲ್ಲ, ಬೀಜ ಕಲಬೆರಕೆ. ಒಂದನ್ನು ಇಟ್ಟುಕೊಂಡರೆ ಇನ್ನೊಂದನ್ನು ಬಿಡಬೇಕು. ಮಾವ ಜಗುಲಿಯ ಮೇಲಿನ ಸಾಲನ್ನು ಒಂದೊಂದಾಗಿ ಬುಟ್ಟಿಗೆ ತುಂಬಿದರು. ಆಮೇಲೆ ಬೀಜಕ್ಕೆಂದು ಕಟ್ಟಿಟ್ಟಿದ್ದ ದುಂಡನೆಯ ಗೆಡ್ಡೆಗಳ ಚೀಲವನ್ನು ಬೆನ್ನ ಮೇಲೆ ಹೊತ್ತು ತಂದು ಅಡುಗೆಮನೆಯಲ್ಲಿ ಇಳಿಸಿದರು.

ಅತ್ತೆ ಗಾಬರಿಯಾದರು. "ಇವು ಬೀಜದವು!"

"ಹುರಿ" ಎಂದರು ಮಾವ.

ಅಂಕುಡೊಂಕು ಬುಡಗಳು ಮಣ್ಣಿಗೆ ಹೋದವು. ದಂಟು ಎದ್ದು, ಹೂವಾಗಿ, ಬೀಜವಾಯಿತು. ಮಾವ ಬಿತ್ತಿ, ಗೋಣಿ ತೆಗೆದು, ಕ್ಷೌರ ಮಾಡಿ, ಎಂದಿನ ಜೋಪಾನದಲ್ಲೇ ಸಸಿ ಎಬ್ಬಿಸಿದರು. ಗಿರಾಕಿಗಳಿಗೆ, "ನೋಡೋಕೆ ಚೆನ್ನಾಗಿರಲ್ಲ, ಈಗಲೇ ಹೇಳಿದ್ದೀನಿ" ಎಂದು ಎಚ್ಚರಿಸಿಯೇ ಕೊಟ್ಟರು. ಅರ್ಧ ಜನ ಬೇರೆ ಕಡೆ ಹೋದರು. ಹೋಟೆಲಿನ ಅಡುಗೆಯವನಿಗೆ ಒಂದು ಕಟ್ಟು ಬಲವಂತವಾಗಿ ಕೊಟ್ಟಿದ್ದರು. ಬೆಳೆ ಬಂದ ಮೇಲೆ ಅವನೇ ಗೇಟಿಗೆ ಬಂದ.

"ಪರವಾಗಿಲ್ಲ ಮಾವ, ವಾಸನೆ ಏಳುತ್ತೆ. ಆದರೆ ಅದಲ್ಲ. ಅದರ ದೂರದ ನೆಂಟ ಅನ್ನಬಹುದು."

ಮಾವ ಆ ಮಾತನ್ನು ಹಾಗೇ ಅಡುಗೆಮನೆಗೆ ಹೊತ್ತುಕೊಂಡು ಹೋದರು. ಅತ್ತೆ ಹೆಚ್ಚುತ್ತ ಕೂತಿದ್ದರು. ಮಾವ ಬಾಗಿಲ ಚೌಕಟ್ಟು ಹಿಡಿದು, ಶಾಲೆಯಲ್ಲಿ ತಪ್ಪು ಲೆಕ್ಕ ತೋರಿಸಲು ಬಂದವನ ದನಿಯಲ್ಲಿ ಕೇಳಿದರು.

"ಆ ಜೋಡಿಗೆಡ್ಡೆ ಇತ್ತಲ್ಲ ಕಣೇ, ಅದರ ರುಚಿ ಹೇಗಿತ್ತು? ಸಿಹಿ ಜಾಸ್ತಿ ಇತ್ತಾ, ಘಾಟಾ?"

ಅತ್ತೆಯ ಚಾಕು ಒಂದು ಗಳಿಗೆ ನಿಂತಿತು.

"ಈಗ ಕೇಳ್ತೀರಲ್ಲ" ಎಂದರು. ದನಿಯಲ್ಲಿ ಕೋಪವಿರಲಿಲ್ಲ. "ನನಗೂ ಮರೀತಾ ಬಂತು ರೀ."